ಎದುರುಗಾಳಿಯ ಸರದಿ

ಗುರುವಾರ ಬೆಳಗ್ಗೆ ಕಡಲಂಚಿನ ಊರಾದ ಕಿಲ್ಕಂಡಾದ ಅಂಗಡಿಯ ಮುಂದೆ, ವಾರವಾರವೂ ಹೊರಡುವ ಸೈಕಲ್ಲಿನ ಗುಂಪು ಸೇರುವ ಮೊದಲೇ ನೋಲೀನ್ ಬಂದು ನಿಂತಿದ್ದಳು. ಕ್ಯಾನ್ಸರಿನ ಚಿಕಿತ್ಸೆ ಮುಗಿಸಿ ಹಳೆಯ ಗೆಳೆಯರ ಜೊತೆ ಮತ್ತೆ ಹೊರಟಿದ್ದು ಅಂದೇ. ಕಾಲಲ್ಲಿ ಮೊದಲಿನ ಕಸುವಿರಲಿಲ್ಲ. ಹಾಗಾಗಿ ಬ್ಯಾಟರಿ ಸೈಕಲ್ ತಂದಿದ್ದಳು.

ಗುಂಪು ಕಟ್ಟಿದ ಕ್ಲೈವ್ ಅದನ್ನು ಕಂಡು ಮೂಗು ಮುರಿದ. ಕೆಟ್ಟವನಲ್ಲ. ಅವಳು ಆಸ್ಪತ್ರೆಯಲ್ಲಿದ್ದಾಗ ಅವಳ ಅಂಗಳದ ಹುಲ್ಲು ಕತ್ತರಿಸಿ ಬರುತ್ತಿದ್ದವನು ಅವನೇ. ಆದರೆ ನಿಯಮದ ಮಾತು ಬಂದರೆ ಅವನಿಗೆ ಮನುಷ್ಯರು ಕಾಣುವುದಿಲ್ಲ. ಸಾಲಿನ ಮುಂದಿರುವವರು ಗಾಳಿಗೆ ಎದೆ ಕೊಡಬೇಕು, ಹಿಂದಿನವರು ಆ ಮರೆಯಲ್ಲಿ ಹಗುರಾಗಿ ಬರಬೇಕು, ದಣಿದಾಗ ಸರದಿ ಬದಲಾಗಬೇಕು. ಸರದಿ ತಪ್ಪಿಸಿದವರನ್ನು ಆ ಗುಂಪು ವರ್ಷಗಟ್ಟಲೆ ಆಡಿಕೊಳ್ಳುತ್ತದೆ.

"ಮೋಟಾರಿಗೆ ಸರದಿ ಇಲ್ಲ ಕಣೇ," ಅಂದ ಕ್ಲೈವ್. "ನೀನು ಕೊನೇಲಿ ಬಾ. ಬೆವರು ಸುರಿಸದೆ ಮುಂದೆ ಹೋಗೋದು ನಮ್ಮಲ್ಲಿಲ್ಲ."

"ಬೆವರು ಆಸ್ಪತ್ರೇಲಿ ಬೇಕಾದಷ್ಟು ಸುರಿಸಿದೀನಿ," ಅಂದಳು ನೋಲೀನ್. "ಕೊನೇಲೇ ಬರ್ತೀನಿ ಬಿಡು."

ಅಂದಳೇನೋ ನಿಜ, ಮನಸ್ಸಿಗೆ ಚುಚ್ಚಿತು. ಎಷ್ಟೋ ವರ್ಷ ಸಾಲಿನ ಮುಂದಿದ್ದು ಎಲ್ಲರಿಗೂ ಗಾಳಿಯ ಮರೆಯಾಗಿದ್ದವಳು ಈಗ ಬರೀ ಬಾಲವಾಗಿ ಬರಬೇಕೇ? ಹೀಗೇ ಆದರೆ ಇದೇ ಕೊನೆಯ ಗುರುವಾರ ಎಂದುಕೊಂಡಳು.

ಹೋಗುವಾಗ ಗಾಳಿ ಬೆನ್ನಿಗಿತ್ತು. ಕೇಪ್ ಪ್ಯಾಟರ್ಸನ್ ದಾಟಿದ ಮೇಲೆ ರಸ್ತೆಯ ಕೆಳಗೇ ಕಡಲು. ಈ ನೀಲಿಯನ್ನು ಮತ್ತೆ ನೋಡುತ್ತೇನೆಂದು ನೋಲೀನ್ ನಂಬಿರಲಿಲ್ಲ. ಬದುಕಿದ್ದಕ್ಕೆ ಕಣ್ಣು ತುಂಬಿ ಬಂತು. ಇನ್ವರ್‌ಲಾಕ್‌ನಲ್ಲಿ ಮಾಂಸ ತುಂಬಿ ಬೇಯಿಸಿದ ಪೈ ತಿಂದು ಎಲ್ಲರೂ ಹಿಂದಿರುಗಿದರು.

ಈಗ ಅದೇ ಗಾಳಿ ಎದುರಾಯಿತು, ಬೆಳಗಿಗಿಂತ ಜೋರಾಗಿ. ಒಬ್ಬೊಬ್ಬರೇ ಮುಂದೆ ಹೋಗಿ ಸೋತು ಹಿಂದೆ ಬಂದರು. ವೊಂಥಾಗಿ ಪಟ್ಟಣ ದಾಟುವಾಗ ಮುಂದೆ ಉಳಿದವನು ಕ್ಲೈವ್ ಒಬ್ಬನೇ. ಮೀನಖಂಡ ಸೆಟೆದುಕೊಂಡಿತ್ತು, ಹಟ ಮಾತ್ರ ಸಡಿಲಾಗಿರಲಿಲ್ಲ.

ನೋಲೀನ್ ಸಾಲು ದಾಟಿ ಅವನ ಪಕ್ಕಕ್ಕೆ ಬಂದಳು. "ಸರ್ಕೋ ಮಾರಾಯ. ಬೈಯೋದಿದ್ರೆ ನನ್ನ ಹಿಂದೆ ಬೈಕೊಂಡು ಬಾ."

ಅವನು ಏದುಸಿರು ಬಿಡುತ್ತಾ ಪಕ್ಕಕ್ಕೆ ಸರಿದು ಅವಳ ಹಿಂದೆ ಸೇರಿಕೊಂಡ. ಅವಳು ಮೋಟಾರಿನ ಶಕ್ತಿಯನ್ನು ಪೂರ್ತಿ ಏರಿಸಿ ಮುಂದಾದಳು. ಹಾಗೆ ಮಾಡಿದರೆ ಬ್ಯಾಟರಿ ಊರು ಮುಟ್ಟುವ ತನಕ ಬಾಳದೆಂದು ಅವಳಿಗೆ ಗೊತ್ತಿತ್ತು. ಹಿಂದೆ ಎಲ್ಲರ ಉಸಿರು ಹದಕ್ಕೆ ಬಂತು. ಯಾರೋ ಹಾಡನ್ನೂ ಗುನುಗಿದರು.

ಕಿಲ್ಕಂಡಾದ ಕೊನೆಯ ಏರಿನಲ್ಲಿ ಮೋಟಾರು ನಿಂತೇ ಹೋಯಿತು. ಬ್ಯಾಟರಿ ಖಾಲಿಯಾದ ಸೈಕಲ್ಲು ಗುಂಡುಕಲ್ಲಿನಷ್ಟು ಭಾರ. ನೋಲೀನ್ ಇಳಿಯಬೇಕೆನ್ನುವಷ್ಟರಲ್ಲಿ ಬೆನ್ನ ಮೇಲೆ ಅಗಲವಾದ ಅಂಗೈಯೊಂದು ಕೂತಿತು.

"ತುಳೀತಾ ಇರು," ಅಂದ ಕ್ಲೈವ್, ಪಕ್ಕದಲ್ಲೇ ಸೈಕಲ್ ತುಳಿಯುತ್ತಾ. "ನಿನ್ನ ಮರೇಲಿ ಬಂದು ಕಾಲಿಗೆ ಜೀವ ಬಂದಿದೆ."

"ಮೋಟಾರಿಗೆ ಸರದಿ ಇಲ್ಲ ಅಂದಿದ್ಯಲ್ಲ?"

"ಮೋಟಾರಿಗಿಲ್ಲ. ನಿಂಗಿದೆ. ಮುಂದಿನ ಗುರುವಾರ ಮೊದಲ ಸರದಿ ನಿನ್ದೇ."

ಆ ಕೈ ಏರಿನುದ್ದಕ್ಕೂ ಅವಳನ್ನು ತಳ್ಳಿತು. ತುದಿ ಮುಟ್ಟಿದಾಗ ಥ್ಯಾಂಕ್ಸ್ ಹೇಳೋಣವೆಂದು ನೋಲೀನ್ ಅವನ ಕಡೆ ತಿರುಗಿದಳು. ಅಷ್ಟರಲ್ಲಿ ಅವನೇ ಅದನ್ನು ಹೇಳಿಬಿಟ್ಟಿದ್ದ.