ಮಂಜುಗಡ್ಡೆ ಸಾಹೇಬರ ಹದಿನಾರು ಡಿಗ್ರಿ

ಡೇಟಾ ಸೆಂಟರಿನ ನಿರ್ದೇಶಕರಿಗೆ ಕೆಲಸಗಾರರು ಇಟ್ಟ ಹೆಸರು ಮಂಜುಗಡ್ಡೆ ಸಾಹೇಬರು. ಸರ್ವರ್ ಕೋಣೆ ಹದಿನಾರು ಡಿಗ್ರಿಯಲ್ಲೇ ಇರಬೇಕು ಎಂಬುದು ಅವರ ಹಟ. ಹದಿನಾರೇ ಏಕೆ ಎಂದು ಕೇಳಿದರೆ, ಅದು ಹದಿನೇಳಕ್ಕಿಂತ ಕಡಿಮೆ ಎಂಬ ಘನವಾದ ಕಾರಣ ಅವರಲ್ಲಿತ್ತು. ನೋಡಲು ಬಂದ ಗಿರಾಕಿಗಳ ಹಲ್ಲು ಕಟಕಟ ಎಂದರೆ ಸಾಹೇಬರ ಮುಖ ಅರಳುತ್ತಿತ್ತು. "ನೋಡಿದ್ರಾ, ನಿಮ್ಮ ಮಾಹಿತಿ ಇಲ್ಲಿ ಎಷ್ಟು ತಾಜಾ ಇರುತ್ತೆ!" ಎನ್ನುತ್ತಿದ್ದರು, ಸೊಪ್ಪು ಮಾರುವವರ ಹಾಗೆ.

ಎಸಿಗಳ ಉಸ್ತುವಾರಿ ನೋಡುತ್ತಿದ್ದ ಇಂಜಿನಿಯರ್‌ಗೆ ಮಾತ್ರ ಇದು ನುಂಗಲಾರದ ತುತ್ತಾಗಿತ್ತು. ಸರ್ವರ್‌ಗಳು ಮುಂದಿನಿಂದ ತಣ್ಣನೆ ಗಾಳಿ ಎಳೆದುಕೊಂಡು ಹಿಂದಿನಿಂದ ಬಿಸಿ ಗಾಳಿ ಬಿಡುತ್ತವೆ. ಒಳಗೆ ಹೋಗುವ ಗಾಳಿ ಹದಿನೆಂಟರಿಂದ ಇಪ್ಪತ್ತೇಳು ಡಿಗ್ರಿಯೊಳಗಿದ್ದರೆ ಸಾಕು ಎನ್ನುತ್ತದೆ ಮಾನದಂಡದ ಪುಸ್ತಕ. ಆ ಪುಸ್ತಕವನ್ನು ಅವಳು ಸಾಹೇಬರಿಗೆ ಕೊಟ್ಟಿದ್ದಳು. ಸಾಹೇಬರು ಅದನ್ನು ಬಹಳ ಗೌರವದಿಂದ ತಮ್ಮ ಕಂಪ್ಯೂಟರಿನ ಅಡಿಗಿಟ್ಟು, ಈಗ ಕಣ್ಣಿಗೆ ಸರಿಯಾದ ಎತ್ತರಕ್ಕೆ ಬಂತು ಎಂದು ಮೆಚ್ಚಿಕೊಂಡರು.

ಅಷ್ಟರಲ್ಲಿ ದೊಡ್ಡ ಗಿರಾಕಿಯೊಬ್ಬರ ಕಡೆಯಿಂದ ಪರೀಕ್ಷಕಿ ಬರುವ ಸುದ್ದಿ ಬಂತು. ಸಾಹೇಬರು ಗಾಜಿನ ಗೋಡೆಯಾಚೆ ನಿಂತು ಕೋಣೆಯನ್ನು ದಿಟ್ಟಿಸಿದರು. ಸರ್ವರ್ ಸಾಲುಗಳು ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದವು.

"ಅರ್ಧದಷ್ಟು ನಮಗೆ ಬೆನ್ನು ತೋರಿಸ್ತಿವೆಯಲ್ರೀ! ಬಂದೋರಿಗೆ ಮರ್ಯಾದೆ ಬೇಡ್ವಾ? ಎಲ್ಲಾ ಈ ಕಡೆ ತಿರುಗಿಸಿ. ಪುಟ್ಟ ಪುಟ್ಟ ದೀಪ ಎಲ್ಲಾ ಕಾಣ್ಬೇಕು."

"ಸರ್, ಹಾಗೆ ಮಾಡಿದ್ರೆ ಮುಂದಿನ ಸಾಲಿನ ಬಿಸಿಯುಸಿರು ಹಿಂದಿನ ಸಾಲಿನ ಮೂಗಿಗೇ ಹೋಗುತ್ತೆ."

"ಹಾಗಾದ್ರೆ ಹದಿನೈದಕ್ಕೆ ಇಳಿಸಿ."

ಬೇಡವೆಂದು ಅವಳು ಬರೆದೂ ಕೊಟ್ಟಳು. ಆದರೂ ಮೂರು ದಿನ ಬೆವರು ಸುರಿಸಿ ಸಾಲುಗಳನ್ನು ತಿರುಗಿಸಿದ್ದಾಯಿತು. ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳಂತೆ ಸರ್ವರ್‌ಗಳೆಲ್ಲ ಒಂದೇ ಕಡೆ ಮುಖ ಮಾಡಿ ಮಿಣಮಿಣ ಎಂದವು. ಗೋಡೆಯ ಥರ್ಮಾಮೀಟರ್ ಹದಿನೈದು ತೋರಿಸಿತು; ಅದು ಇದ್ದದ್ದು ಎಸಿಯ ಬಾಯಿಯ ಕೆಳಗೇ.

ಮನೆಯಲ್ಲಿ ಅವಳ ಅತ್ತೆ ಹೊಲಿಗೆ ಯಂತ್ರದ ಮುಂದೆ ಕೂತು ಇದನ್ನೆಲ್ಲ ಕೇಳಿದರು. ನಲವತ್ತು ವರ್ಷ ಊರವರ ಬಟ್ಟೆ ಹೊಲಿದ ಕೈ ಅವರದು.

"ಎಸಿ ಕೆಳಗೆ ಅಳೆದು ಕೋಣೆ ತಣ್ಣಗಿದೆ ಅನ್ನೋದಾ? ಅಂಗಡಿ ಗೊಂಬೆಗೆ ಟೇಪು ಸುತ್ತಿ ಗಿರಾಕಿಗೆ ರವಿಕೆ ಹೊಲಿದ ಹಾಗಾಯ್ತಲ್ಲೇ! ನೀನೇನು ಬಾಯಿಗೆ ಹೊಲಿಗೆ ಹಾಕ್ಕೊಂಡಿದ್ಯಾ?"

"ಹೇಳ್ದೆ ಅತ್ತೆ. ಕಿವಿಗೇ ಹಾಕ್ಕೊಳ್ಳಲ್ಲ."

ಪರೀಕ್ಷಕಿ ಬಂದರು, ನರೆಗೂದಲಿನ, ಮಿತಭಾಷಿ ಹೆಂಗಸು. ಪುಟ್ಟ ದೀಪಗಳನ್ನಾಗಲಿ ಗೋಡೆಯ ಅಂಕಿಯನ್ನಾಗಲಿ ನೋಡಲೇ ಇಲ್ಲ. ಚೀಲದಿಂದ ತಮ್ಮದೇ ಥರ್ಮಾಮೀಟರ್ ತೆಗೆದು ನಾಲ್ಕನೇ ಸಾಲಿನ ಮುಂಭಾಗದ ಮೇಲ್ತುದಿಗೆ ಹಿಡಿದರು. ನಲವತ್ತೊಂದು.

"ನಿಮ್ಮದು ಕೆಟ್ಟಿರಬೇಕು ಮೇಡಂ," ಎಂದರು ಸಾಹೇಬರು, ನಡುಗುತ್ತಲೇ.

ಆ ಮಾತು ಮುಗಿಯುವ ಮೊದಲೇ ನಾಲ್ಕನೇ ಸಾಲಿನ ಯಂತ್ರವೊಂದು ತಾನಾಗಿಯೇ ಆರಿತು. ಅದರ ಬೆನ್ನಿಗೇ ಇನ್ನೆರಡು. ಪರೀಕ್ಷಕಿಯ ಫೋನ್ ಹೊಡೆದುಕೊಂಡಿತು: ಅವರದೇ ಕಂಪನಿಯ ಟಿಕೆಟ್ ಬುಕಿಂಗ್ ನಿಂತುಹೋಗಿತ್ತು.

"ಇನ್ನೂ ತಣ್ಣಗೆ ಮಾಡ್ರೀ!" ಸಾಹೇಬರು ಕಿರುಚಿದರು.

"ಸರ್, ಇನ್ನೂ ಇಳಿಸಿದ್ರೆ ನಾವು ಹೆಪ್ಪುಗಟ್ತೀವಿ. ಅವು ಬಿಸಿಯಾಗೇ ಇರ್ತವೆ."

"ಸಾಲುಗಳನ್ನ ಹೀಗೆ ತಿರುಗಿಸಿದ್ದು ಯಾರು?" ಪರೀಕ್ಷಕಿ ಕೇಳಿದರು.

ಸಾಹೇಬರಿಗೆ ಇದ್ದಕ್ಕಿದ್ದಂತೆ ಮೇಲ್ಛಾವಣಿಯ ಮೇಲೆ ಅಪಾರ ಆಸಕ್ತಿ ಹುಟ್ಟಿತು. ಇಂಜಿನಿಯರ್ ತನ್ನ ಕಡತದಿಂದ ಒಂದು ಕಾಗದ ಹೊರತೆಗೆದಳು. ಸುಮ್ಮನಿದ್ದರೆ ತಪ್ಪು ತನ್ನ ತಲೆಗೇ ಬರುತ್ತದೆಂದು ಅವಳಿಗೆ ಗೊತ್ತಿತ್ತು.

"ಸಾಹೇಬರು ಹೇಳಿದ್ರು. ನಾನು ಬೇಡ ಅಂದಿದ್ದೆ. ಬರೆದುಕೊಟ್ಟ ಕಾಗದ ಇಲ್ಲೇ ಇದೆ, ಮೇಡಂ."

ಪರೀಕ್ಷಕಿ ಕಾಗದ ಓದಿ ಮಡಚಿಕೊಂಡರು. "ಹತ್ತು ದಿನ ಕೊಡ್ತೀನಿ. ಇವರು ಹೇಳಿದ ಹಾಗೆ ಮಾಡಿ."

ಸಾಲುಗಳು ಮತ್ತೆ ಮುಖಕ್ಕೆ ಮುಖ ಕೊಟ್ಟು ನಿಂತವು. ಬಿಸಿ ಗಾಳಿ ಮುಂದಕ್ಕೆ ನುಸುಳದಂತೆ ಸರ್ವರ್‌ಗಳ ನಡುವಿನ ಖಾಲಿ ಕಿಂಡಿಗಳಿಗೆಲ್ಲ ತಗಡು ಬಿತ್ತು. ತಣ್ಣನೆ ಗಾಳಿ ಆಚೆ ಸೋರದಂತೆ ಸಾಲುಗಳ ತುದಿಗೆ ದಪ್ಪ ಪ್ಲಾಸ್ಟಿಕ್ ಪರದೆ ಬೇಕಿತ್ತು. ಕಂಪನಿಯ ಮೂಲಕ ತರಿಸಲು ಆರು ವಾರ ಎಂದರು. ಅತ್ತೆ ನಾಲ್ಕು ದಿನದಲ್ಲಿ ಹೊಲಿದರು, ಮೂರು ಸೂಜಿ ಮುರಿದು, ಪ್ಲಾಸ್ಟಿಕ್ ಕಂಡುಹಿಡಿದವರಿಗೆ ಮನಸಾರೆ ಶಾಪ ಹಾಕುತ್ತಾ. ನೇತುಹಾಕಲು ತಾವೇ ಬಂದರು. "ನಿಮ್ಮೋರ ಕೈಗೆ ಕೊಟ್ರೆ ಸೊಟ್ಟಗೆ ಕಟ್ತಾರೆ," ಎಂದು ಏಣಿ ಹತ್ತಿದರು.

ಇಂಜಿನಿಯರ್ ಎಸಿಗಳನ್ನು ಇಪ್ಪತ್ನಾಲ್ಕು ಡಿಗ್ರಿಗೆ ಇಟ್ಟಳು. ಯಾವ ಸಾಲಿನ ಮೇಲ್ತುದಿಯಲ್ಲಿ ಅಳೆದರೂ ಇಪ್ಪತ್ತಾರು ದಾಟಲಿಲ್ಲ. ಐದು ಎಸಿಗಳಲ್ಲಿ ಎರಡಕ್ಕೆ ಮಾಡಲು ಕೆಲಸವೇ ಇರಲಿಲ್ಲ.

ಹತ್ತನೇ ದಿನ ಎಲ್ಲರ ಮುಂದೆ ಸಾಹೇಬರು ಭಾಷಣ ಮಾಡಿದರು: "ನಾನು ಮೊದಲಿಂದಲೂ ಹೇಳ್ತಾನೇ ಇದ್ದೆ. ತಂಪು ಮುಖ್ಯ ಅಲ್ಲ, ಗಾಳಿಯ ದಾರಿ ಮುಖ್ಯ."

"ಆ ದಾರಿ ಎಲ್ಲಿಂದ ಎಲ್ಲಿಗೆ ಅಂತ ಸ್ವಲ್ಪ ತೋರಿಸ್ತೀರಾ?" ಎಂದರು ಪರೀಕ್ಷಕಿ.

ಸಾಹೇಬರು ತುಂಬು ಆತ್ಮವಿಶ್ವಾಸದಿಂದ ಕೈಚಾಚಿ ತೋರಿಸಿದರು. ಪೂರ್ತಿ ಉಲ್ಟಾ. ಯಾರೂ ನಗಲಿಲ್ಲ, ಒಂದಿಬ್ಬರಿಗೆ ಕೆಮ್ಮು ಬಂತು.

ಕೋಣೆ ಪರೀಕ್ಷೆಯಲ್ಲಿ ಪಾಸಾಗಿದೆ ಎಂದು ವರದಿಯ ಮೊದಲ ಪುಟದಲ್ಲಿತ್ತು. ಸಾಹೇಬರು ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಇನ್ನು ಮೇಲೆ ಡಿಗ್ರಿ ಬದಲಿಸಲು ಇಂಜಿನಿಯರ್ ಸಹಿ ಬೇಕೇ ಬೇಕು ಎಂದು ಎರಡನೇ ಪುಟದಲ್ಲಿತ್ತು. ಅದರ ಪ್ರತಿಯನ್ನು ಅವಳು ಮನೆಗೆ ತಂದು ಅತ್ತೆಗೆ ಓದಿ ಹೇಳಿದಳು. ಅತ್ತೆ ಯಂತ್ರ ನಿಲ್ಲಿಸಿ, ಇನ್ನೊಂದು ಸಲ ಓದಿಸಿದರು.