ಗೋಡೆಯ ಮೇಲಿನ ಸ್ಪಂಜು

"ಅಕ್ಕ, ಆ ಕಪ್ಪು ಗಾಡಿ ನಾನು ನೋಡ್ಕೋತೀನಿ. ನಿಮಗೆ ಭುಜ ಬೇರೆ ನೋಯ್ತಿದೆ," ಎನ್ನುತ್ತ ಕಿರಿಯಾಕೆ ಬ್ಲೋವರಿನ ದಪ್ಪ ಕೊಳವೆಯನ್ನು ಹೆಗಲ ಮೇಲೆ ಎಳೆದುಕೊಂಡಳು. ಹಿರಿಯಾಕೆ ಇನ್ನೊಂದು ಕಾರಿನೊಳಗೆ ಸೀಟು ಒರೆಸುತ್ತಿದ್ದವಳು ಹೂಂ ಎಂದಳು.

ಇಬ್ಬರೂ ಓರಗಿತ್ತಿಯರು. ಕಾರು ತೊಳೆಯುವ ಈ ಶೆಡ್ಡಿನಲ್ಲಿ ಒಂಬತ್ತು ವರ್ಷ ಒಬ್ಬಳು ಎಡಗಡೆ, ಒಬ್ಬಳು ಬಲಗಡೆ ನಿಂತು ಬಟ್ಟೆಯಲ್ಲಿ ಕಾರು ಒರೆಸಿದವರು. ಕನ್ನಡಿಯ ಹಿಂದೆ, ಬಾಗಿಲ ಹಿಡಿಯ ಸಂದಿಯಲ್ಲಿ, ನಂಬರ್ ಪ್ಲೇಟಿನ ಅಡಿಯಲ್ಲಿ ನೀರು ಎಲ್ಲೆಲ್ಲಿ ಅವಿತು ಕೂರುತ್ತದೆ ಎನ್ನುವುದನ್ನು ಕಿರಿಯಾಕೆಗೆ ಕಲಿಸಿದ್ದೇ ಹಿರಿಯಾಕೆ. ಎರಡು ತಿಂಗಳ ಹಿಂದೆ ಮಾಲೀಕ ಗಾಳಿ ಊದಿ ನೀರು ಆರಿಸುವ ಬ್ಲೋವರ್ ತಂದ. ಇಬ್ಬರು ಇಪ್ಪತ್ತು ನಿಮಿಷ ಒದ್ದಾಡುತ್ತಿದ್ದ ಕೆಲಸವನ್ನು ಅದು ಐದು ನಿಮಿಷದಲ್ಲಿ ಊದಿ ಬಿಸಾಕುತ್ತಿತ್ತು. ನಿಮ್ಮ ಕೈಗಳಿಗೆ ಸ್ವಲ್ಪ ಬಿಡುವು ಸಿಗಲಿ ಅಂತಲೇ ತಂದೆ ಎಂದಿದ್ದ. ಕೈಗೆ ಬಿಡುವು ಕೊಡುವವರು ಆಮೇಲೆ ಹೊಟ್ಟೆಗೂ ಬಿಡುವು ಕೊಡುತ್ತಾರೆ. ಹೋದ ವಾರ ಅವನು, ಒಂದು ಮೆಷಿನ್ನಿಗೆ ಇಬ್ಬರು ಯಾಕೆ, ಮುಂದಿನ ತಿಂಗಳಿಂದ ಒಬ್ಬರು ಸಾಕು, ಯಾರು ಅನ್ನುವುದನ್ನು ಕೆಲಸ ನೋಡಿ ಹೇಳುತ್ತೇನೆ ಎಂದು ಹಲ್ಲುಕಡ್ಡಿ ಕಚ್ಚಿಕೊಂಡೇ ಹೇಳಿ ಹೋದ.

ಅಂದಿನಿಂದ ಹಿರಿಯಾಕೆಗೆ ನಿದ್ದೆಯಿಲ್ಲ. ಗಂಡ ಸತ್ತು ಆರು ವರ್ಷ, ಮೈದುನನ ಮನೆಯ ವಾಸ. ಆ ಮನೆಯಲ್ಲಿ ಯಾರೂ ಅವಳಿಗೆ ಒಂದು ಕೆಟ್ಟ ಮಾತು ಆಡಿದವರಲ್ಲ. ಆದರೂ ಸಂಬಳ ತರುವ ತನಕ ತಾನು ಆ ಮನೆಯ ದೊಡ್ಡವಳು, ಅದು ನಿಂತ ದಿನ ಹಂಗಿನ ಅನ್ನದವಳು ಎಂಬುದು ಅವಳ ಎದೆಯಲ್ಲಿ ಕೂತುಬಿಟ್ಟಿತ್ತು. ಐವತ್ತು ದಾಟಿದವಳನ್ನು ಬೇರೆ ಯಾರು ಕರೆಯುತ್ತಾರೆ? ಕಿರಿಯಾಕೆಗೆ ಗಂಡನ ದುಡಿಮೆಯಿದೆ, ತೋಳಲ್ಲಿ ಕಸುವಿದೆ. ಆ ಕಸುವೇ ಈಗ ಹಿರಿಯಾಕೆಯ ಕಣ್ಣಿಗೆ ಚುಚ್ಚುತ್ತಿತ್ತು. ತಾನು ಮಗಳಂತೆ ನೋಡಿಕೊಂಡವಳ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ನಾಚಿಕೆಗೇಡು ಎಂದು ಅವಳಿಗೂ ಗೊತ್ತಿತ್ತು.

ಬ್ಲೋವರ್ ಪುಟ್ಟ ಗಾಲಿಗಳ ಮೇಲೆ ನೆಲಕ್ಕಂಟಿಕೊಂಡೇ ಕೂರುವ ಡಬ್ಬಿ. ಹಿಂದಿನ ಬಾಯಿಂದ ಗಾಳಿ ಎಳೆದು ಮುಂದಿನ ಕೊಳವೆಯಿಂದ ಉಗುಳುತ್ತದೆ. ಹಿಂದಿನ ಬಾಯಿಗೆ ಒಂದು ಕಪ್ಪು ಸ್ಪಂಜು. ಅದಿಲ್ಲದಿದ್ದರೆ ಕಾರಿನ ಚಕ್ರಗಳು ತಂದು ಸುರಿದ ಮರಳನ್ನೆಲ್ಲ ನುಂಗಿ ಕಾರಿನ ಒದ್ದೆ ಮೈ ಮೇಲೆ ಉಗುಳೀತು. ದಿನಾ ಬೆಳಗ್ಗೆ ಸ್ಪಂಜು ತೊಳೆದು, ಹಿಂದಿನ ಗೋಡೆಯ ಮೇಲೆ ಒಣಗಿಸಿ, ಮತ್ತೆ ಸಿಕ್ಕಿಸುವವಳು ಹಿರಿಯಾಕೆಯೇ. ಕಿರಿಯಾಕೆ ಆ ಮೆಷಿನ್ನಿನ ಬೆನ್ನು ನೋಡಿದವಳೇ ಅಲ್ಲ.

ಸೀಟು ಒರೆಸಿ ಹೊರಗೆ ಬಂದ ಹಿರಿಯಾಕೆಗೆ ಗೋಡೆಯ ಮೇಲೆ ಸ್ಪಂಜು ಕಂಡಿತು. ಅಂದು ಮಾಲೀಕ ಅವಸರ ಮಾಡಿ ಸೀಟು ಒರೆಸಲು ಅಟ್ಟಿದ್ದರಿಂದ ಸಿಕ್ಕಿಸುವುದು ಉಳಿದುಹೋಗಿತ್ತು. ಕಿರಿಯಾಕೆಯ ಬೆರಳು ಸ್ವಿಚ್ಚಿನ ಮೇಲಿತ್ತು. ಆಚೆ ಕಾರುಗಳಿಗೆ ನೀರು ಹೊಡೆಯುವವನು ಪೈಪು ಸುತ್ತುತ್ತಿದ್ದ. "ತಡಿಯೇ" ಎಂಬ ಒಂದು ಮಾತು ಸಾಕಿತ್ತು. ಮೆಷಿನ್ ಮೊರೆಯತೊಡಗಿದ ಮೇಲೂ ಸಮಯವಿತ್ತು, ಪ್ಲಗ್ಗು ಹಿರಿಯಾಕೆಯ ಮೊಣಕೈ ಪಕ್ಕದಲ್ಲೇ ಇತ್ತು. ಕೈಯಲ್ಲಿದ್ದ ಬಟ್ಟೆಯನ್ನು ಹಿಂಡುತ್ತ ಅವಳು ನಿಂತೇ ಇದ್ದಳು. ಆ ಗಳಿಗೆಯಲ್ಲಿ ತನಗೆ ಏನೂ ಹೊಳೆಯಲಿಲ್ಲ ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಳು. ಅದು ಸುಳ್ಳು. ಎಲ್ಲವೂ ಹೊಳೆದಿತ್ತು.

ಕಾರನ್ನು ಬಿಸಿಲಿಗೆ ತಂದಾಗ ಬಾನೆಟ್ಟಿನ ತುಂಬ ಸಣ್ಣ ಗೀರುಗಳು, ಪಾತ್ರೆ ತಿಕ್ಕುವ ನಾರಿನಿಂದ ಉಜ್ಜಿದ ಹಾಗೆ. ಕಾರಿನವನು ಕೂಗಾಡಿದ. ಮಾಲೀಕ ಕೂಗಾಡಲಿಲ್ಲ. ಮೆಷಿನ್ನನ್ನು ತಿರುಗಿಸಿ ಬೆನ್ನು ನೋಡಿದ, ಗೋಡೆ ನೋಡಿದ.

"ಶುರು ಮಾಡೋರು ಮೊದಲು ಹಿಂದೆ ನೋಡ್ಬೇಕು ಅಂತ ಹೇಳಿರ್ಲಿಲ್ವಾ?" ಎಂದು ಕಿರಿಯಾಕೆಯನ್ನು ಕೇಳಿದ.

ಅಕ್ಕನೇ ಅದನ್ನು ಹಾಕುವುದು ಎಂದು ಅವಳು ಹೇಳಬಹುದಿತ್ತು. ಅವಳು ಒಂದು ಸಲ ಹಿರಿಯಾಕೆಯ ಮುಖ ನೋಡಿದಳು.

"ಮರ್ತೆ ಸಾರ್. ತಪ್ಪು ನಂದೇ," ಎಂದಳು.

ನಾಳೆಯಿಂದ ಬರುವುದು ಬೇಡ ಎಂದ ಮಾಲೀಕ. ಹಿರಿಯಾಕೆ ಸ್ಪಂಜು ತಂದು ಮೆಷಿನ್ನಿಗೆ ಸಿಕ್ಕಿಸಿ, ಮುಂದಿನ ಕಾರಿಗೆ ಗಾಳಿ ಹಿಡಿದಳು.

ಸಂಜೆ ಅವಳು ಮನೆಗೆ ಬರುವಷ್ಟರಲ್ಲಿ ಮೈದುನನಿಗೆ ವಿಷಯ ಗೊತ್ತಾಗಿತ್ತು. ಇವಳ ಮರೆವಿಗೆ ಮದ್ದಿಲ್ಲ ಅತ್ತಿಗೆ ಎಂದು ಹೆಂಡತಿಯನ್ನು ಬೈದು, ನೀವೊಬ್ಬರಾದರೂ ಉಳಿದಿರಲ್ಲ ಎಂದು ಸಮಾಧಾನ ಪಟ್ಟುಕೊಂಡು ಹೊರಗೆ ಹೋದ. ಕಿರಿಯಾಕೆ ತಟ್ಟೆ ಹಾಕಿದಳು. ಯಾವಾಗಲೂ ಗಂಡನಿಗೆ ಮೊದಲು ಬಡಿಸುವವಳು ಈ ಸಲ ಅವನು ಬರುವುದನ್ನೂ ಕಾಯದೆ ಹಿರಿಯಾಕೆಗೇ ಮೊದಲು ಬಡಿಸಿದಳು. ದುಡಿದು ಬಂದೋರು ನೀವು, ಕೂತ್ಕೊಳ್ಳಿ ಎಂದಳು.

"ಆ ನೀರು ಹೊಡೆಯೋನು ಇದಾನಲ್ಲ, ಬಾಯಿಬಡುಕ," ಎಂದಳು ಕಿರಿಯಾಕೆ ಪಾತ್ರೆಯಲ್ಲಿ ಸೌಟಾಡಿಸುತ್ತ. "ನಾನು ಹೊರಡ್ತಾ ಇದ್ದಾಗ ಹಿಂದೆನೇ ಬಂದ. ನೀವು ಗೋಡೆ ಹತ್ರ ನಿಂತು ಸ್ಪಂಜ್ ನೋಡ್ತಾನೇ ಇದ್ರಂತೆ. ಅವನಿಗೆ ಸರಿಯಾಗಿ ಉಗಿದು ಬಂದೆ. ನಮ್ಮಕ್ಕ ಅಂಥವಳಲ್ಲ ಅಂದೆ."

ಹಿರಿಯಾಕೆ ತಲೆಯೆತ್ತಲಿಲ್ಲ. ಕಿರಿಯಾಕೆ ಇನ್ನೊಂದು ಸೌಟು ಅನ್ನ ಹಾಕಿದಳು. ಹಾಕಿದ್ದನ್ನೆಲ್ಲ ಹಿರಿಯಾಕೆ ತಿಂದಳು, ತಟ್ಟೆಯಲ್ಲಿ ಒಂದು ಅಗುಳೂ ಉಳಿಯದ ಹಾಗೆ. ಎದುರಿಗೆ ಕೂತವಳು ಸೌಟು ಹಿಡಿದುಕೊಂಡು ನೋಡುತ್ತಲೇ ಇದ್ದಳು.