ಅಡುಗೆಮನೆ ಕಿಟಕಿಯ ತಗಡು

ಮನೆ ಪರೀಕ್ಷಿಸುವ ಇನ್ಸ್‌ಪೆಕ್ಟರ್ ಬರುವ ಹೊತ್ತು ಹತ್ತಿರವಾದಾಗಲೇ ನೆರೈದಾಳಿಗೆ ಗೊತ್ತಾಯಿತು, ಒಂದು ತಗಡು ಕಡಿಮೆ ಇದೆ ಎಂದು.

ಬಿರುಗಾಳಿಗೆ ಕಿಟಕಿ ಮುಚ್ಚುವ ಉಕ್ಕಿನ ತಗಡುಗಳನ್ನೆಲ್ಲ ಗ್ಯಾರೇಜಿನಿಂದ ಹೊರಗೆಳೆದು ಅವಳು ಆಯಾ ಕಿಟಕಿಯ ಕೆಳಗೆ ಒರಗಿಸಿದ್ದಳು. ಅಟ್ಟಕ್ಕೆ ಹತ್ತುವ ಕಿಂಡಿಯಿರುವ ಗೋಡೆಬೀರುವನ್ನು ಬರಿದು ಮಾಡಿ ಏಣಿಗೆ ಜಾಗ ಬಿಡಿಸಿದ್ದಳು. ಹೊಸ ಛಾವಣಿಯ ಪರವಾನಗಿ ಮೇಜಿನ ಮೇಲೆ ಸಿದ್ಧವಿತ್ತು. ಪಾತ್ರೆ ತೊಳೆಯುವ ಜಾಗದ ಎದುರಿನ ಸಣ್ಣ ಕಿಟಕಿಯ ಕೆಳಗೆ ಮಾತ್ರ ಬರೀ ಹುಲ್ಲು.

ಮನೆಯ ವಿಮೆಯ ಕಂತು ಏರಿದ ದಿನ ಗಂಡ ಓಸ್ವಾಲ್ಡೊ ಹೇಳಿದ್ದ, ಗಾಳಿಗೆ ಮನೆ ಗಟ್ಟಿ ಎಂದು ಇನ್ಸ್‌ಪೆಕ್ಟರ್ ಬರೆದುಕೊಟ್ಟರೆ ಕಂತು ಇಳಿಯುತ್ತದೆ, ಇಲ್ಲೇ ಇರೋಣ. ಇಲ್ಲವಾದರೆ ಮಾರಿ ದೂರದ ಒಕಾಲಾ ಊರಿನಲ್ಲಿರುವ ನನ್ನ ತಮ್ಮನ ಹತ್ತಿರ ಹೋಗೋಣ. ಅವಳು ಉತ್ತರ ಕೊಟ್ಟಿರಲಿಲ್ಲ. ಆಮೇಲೆ ಇಬ್ಬರೂ ಆ ಮಾತು ಎತ್ತಿರಲಿಲ್ಲ. ಹಯಲೀಯಾ ಊರಿನ ಈ ಬೀದಿ ಬಿಟ್ಟರೆ ತಾನು ಯಾರು ಎಂಬುದು ಅವಳಿಗೆ ತಿಳಿದಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳುವುದೂ ಬಂದಿರಲಿಲ್ಲ.

"ಓಸ್ವಾಲ್ಡೊ! ಅಡುಗೆಮನೆ ತಗಡೆಲ್ಲಿ?"

ಅವನು ಅಟ್ಟದಿಂದ ತಲೆ ಹೊರಹಾಕಿದ. ಹುಬ್ಬಿನ ತುಂಬ ಧೂಳು. "ಅಲ್ಲೇ ಇರ್ಬೇಕಲ್ಲ ಕಣೇ."

"ಇಲ್ಲ! ಒಂದು ಕಿಟಕಿ ಬರಿದಿದ್ರೂ ಮಿಕ್ಕಿದ್ದೆಲ್ಲ ವ್ಯರ್ಥ, ಒಂದಕ್ಕೂ ರಿಯಾಯಿತಿ ಕೊಡಲ್ಲ ಅಂತ ಫೋನಲ್ಲಿ ವಿಮೆ ಆಫೀಸಿನ ಆಯಮ್ಮ ಎರಡು ಸಲ ಹೇಳಿದ್ಲು!"

ಅವನು ಹುಬ್ಬಿನ ಧೂಳು ಒರೆಸಿಕೊಂಡ.

"ಎದುರುಮನೆ ಎವೆಲಿಯೊಗೆ ಕೊಟ್ಟಿದ್ದೆ," ಎಂದ. "ಯಾವುದೋ ಕ್ರಿಸ್‌ಮಸ್‌ಗೆ. ಹಂದಿ ಇಡೋಕೆ."

ನೆರೈದಾ ಹಣೆ ಚಚ್ಚಿಕೊಂಡಳು. ಎವೆಲಿಯೊನ ತಟ್ಟೆ! ಪ್ರತಿ ಕ್ರಿಸ್‌ಮಸ್ ಹಿಂದಿನ ಸಂಜೆ ಇಡೀ ಬೀದಿ ಅದರ ಸುತ್ತ ನಿಲ್ಲುತ್ತಿತ್ತು. ಇದ್ದಿಲ ಪೆಟ್ಟಿಗೆಯಲ್ಲಿ ಸುಟ್ಟು ಇಳಿಸಿದ ಇಡೀ ಹಂದಿಯನ್ನು ಅದರ ಮೇಲೇ ಕೊಚ್ಚುತ್ತಿದ್ದರು. ಅದಕ್ಕೆ ಬಾಳೆಲೆ ಹಾಸುತ್ತಿದ್ದವಳು ಸ್ವತಃ ಅವಳೇ. ಇಷ್ಟು ವರ್ಷದ ಬಿರುಗಾಳಿಗಳೆಲ್ಲ ಪಕ್ಕಕ್ಕೆ ಸರಿದು ಹೋಗಿದ್ದರಿಂದ ತಗಡು ಹಾಕುವ ಪ್ರಮೇಯವೇ ಬಂದಿರಲಿಲ್ಲ.

ಚಪ್ಪಲಿಯನ್ನೂ ಮೆಟ್ಟದೆ ಅವಳು ಬೀದಿ ದಾಟಿ ಓಡಿದಳು.

ಎವೆಲಿಯೊ ನೆರೈದಾ ದಂಪತಿಯ ಮಗನಿಗೆ ಜ್ಞಾನಸ್ನಾನದಲ್ಲಿ ಧರ್ಮಪಿತನಾಗಿ ನಿಂತವನು; ಆ ನಂಟಿನಿಂದ ಅವಳು ಅವನನ್ನು ಕೊಂಪಾದ್ರೆ ಎಂದೂ ಅವನು ಅವಳನ್ನು ಕೊಮಾದ್ರೆ ಎಂದೂ ಕರೆಯುತ್ತಿದ್ದರು. ಜಗುಲಿಯಲ್ಲಿ ಕೂತು ಕಾಫಿ ಹೀರುತ್ತಿದ್ದ.

"ಕೊಂಪಾದ್ರೆ, ನನ್ನ ಕಿಟಕಿ ಕೊಡು!"

"ಬೆಳಬೆಳಗ್ಗೇನೇ ಏನು ಕುಡ್ದಿದ್ದೀಯ, ಕೊಮಾದ್ರೆ?"

"ಹಂದಿ ತಟ್ಟೆ ಮಾರಾಯ! ಅದು ನನ್ನ ಅಡುಗೆಮನೆ ಕಿಟಕಿದು!"

"ಅಯ್ಯೋ, ಅದು ನಂದೇ ಅಂದ್ಕೊಂಡಿದ್ನಲ್ಲೇ!" ಅವನು ಎದೆ ಮುಟ್ಟಿಕೊಂಡ. "ಅದಿಲ್ದೆ ಡಿಸೆಂಬರಲ್ಲಿ ನಾನು ಯಾವ ಮುಖ ತೋರಿಸ್ಲಿ?"

"ನಿನ್ನ ಮನೇಲೂ ಕಿಟಕಿಗಳಿವೆ. ಅದರ ತಗಡಲ್ಲೇ ಕೊಚ್ಚು!"

ಇಬ್ಬರೂ ತಗಡನ್ನು ಆಚೀಚೆ ಹಿಡಿದು ಓಡಿದರು. ಎವೆಲಿಯೊನ ಹೊಟ್ಟೆ ಕುಲುಕುತ್ತಿತ್ತು, ಅವನ ನಗು ನಿಲ್ಲಲೊಲ್ಲದು. ಓಸ್ವಾಲ್ಡೊ ಏಣಿ ತಂದು ಕಾದಿದ್ದ. ಹಂದಿಯ ಭಾರಕ್ಕೆ ಬಾಗಿರಬಹುದಾದ ತಗಡಿನ ತೂತು ಗೋಡೆಯ ಬೋಲ್ಟುಗಳಿಗೆ ಕೂರುವುದೋ ಇಲ್ಲವೋ ಎಂದು ಮೂವರೂ ಉಸಿರು ಬಿಗಿಹಿಡಿದರು. ಮೇಲಿನದು ಕೂತಿತು. ಕೆಳಗಿನದು ಕೂರಲಿಲ್ಲ. ಓಸ್ವಾಲ್ಡೊ ಅಂಗೈಯಿಂದ ಒಂದು ಗುದ್ದು ಕೊಟ್ಟ; ಅದೂ ಕೂತಿತು.

ಅಷ್ಟರಲ್ಲಿ ಏಣಿ ಹೊತ್ತ ವ್ಯಾನು ಬಂತು.

ಇನ್ಸ್‌ಪೆಕ್ಟರ್ ಯಾನೆಟ್ ಚುರುಕಿನ ಹೆಂಗಸು. ಮೊದಲು ಅಟ್ಟಕ್ಕೆ ಹತ್ತಿದಳು. ತೊಲೆಯನ್ನು ಗೋಡೆಗೆ ಬಿಗಿಯುವ ಕಬ್ಬಿಣದ ಪಟ್ಟಿಗಳು, ಪಟ್ಟಿಗೆ ಹೊಡೆದ ಮೊಳೆಗಳು, ಎಲ್ಲದರ ಫೋಟೋ ತೆಗೆದಳು. ಕೆಳಗೆ ನಿಂತವರಿಗೆ ಕ್ಯಾಮೆರಾದ ಮಿಂಚು ಮಾತ್ರ ಕಾಣುತ್ತಿತ್ತು. ನೆರೈದಾಳ ಬೆರಳುಗಳು ಯಾವಾಗಲೋ ಗಂಡನ ತೋಳನ್ನು ಹಿಡಿದಿದ್ದವು. ಅವನು ಬಿಡಿಸಿಕೊಳ್ಳಲಿಲ್ಲ.

"ಮೇಲೆಲ್ಲ ಗಟ್ಟಿ ಇದೆ," ಎನ್ನುತ್ತ ಯಾನೆಟ್ ಇಳಿದಳು.

ಆಮೇಲೆ ಕಿಟಕಿಗಳು. ಪ್ರತಿ ತಗಡಿನ ಮೇಲೂ ಒತ್ತಿದ, ಬಿರುಗಾಳಿ ತಡೆಯುವುದೆಂಬ ಅನುಮೋದನೆಯ ಮುದ್ರೆಯನ್ನು ಹುಡುಕಿ ಫೋಟೋ ತೆಗೆಯುತ್ತ ಬಂದವಳು ಅಡುಗೆಮನೆ ಕಿಟಕಿಯ ಮುಂದೆ ನಿಂತು ಮೂಗು ಅರಳಿಸಿದಳು.

"ಇದ್ರಲ್ಲಿ ಮುದ್ರೆ ಕಾಣ್ತಿಲ್ಲ. ಮುದ್ರೆ ಇಲ್ದೆ ನಾನು ಬರ್ಕೊಳ್ಳೋ ಹಾಗಿಲ್ಲ ಅಮ್ಮ."

ವರ್ಷಗಳ ಜಿಡ್ಡು ಕಪ್ಪಾಗಿ ಮೆತ್ತಿಕೊಂಡಿತ್ತು. ಓಸ್ವಾಲ್ಡೊ ಬಾಯಿ ತೆರೆಯುವ ಮೊದಲೇ ನೆರೈದಾ ಒಳಗೆ ಓಡಿ ಸೋಪು, ತಂತಿ ಬ್ರಷ್ಷು ತಂದಳು. ಉಜ್ಜಿದಳು. ಕಪ್ಪು ನೀರು ಮೊಣಕೈವರೆಗೆ ಇಳಿಯಿತು.

"ಕೆಳಗೆ, ಕೆಳಗೆ! ಹಂದಿ ಬಾಲ ಬರ್ತಿತ್ತಲ್ಲ, ಅಲ್ಲಿ!" ಎಂದ ಎವೆಲಿಯೊ.

"ನೀನು ಬಾಯಿ ಮುಚ್ಚು."

ಒಂದು ಅಕ್ಷರ ಮೂಡಿತು. ಇನ್ನೊಂದು. ಆಮೇಲೆ ಇಡೀ ಸಾಲು. ಯಾನೆಟ್ ಬೆರಳಾಡಿಸಿ ಓದಿದಳು, ತಗಡಿನ ಅಂಚು ಹಿಡಿದು ಎಳೆದು ನೋಡಿದಳು, ಫೋಟೋ ತೆಗೆದಳು.

"ಆಯ್ತು. ಎಲ್ಲಾ ಕಿಟಕಿ ಲೆಕ್ಕಕ್ಕೆ ಬಂತು, ಕಂತು ಇಳಿಯುತ್ತೆ." ಕ್ಯಾಮೆರಾ ಚೀಲಕ್ಕಿಟ್ಟಳು. "ಡಿಸೆಂಬರಲ್ಲಿ ಹಂದಿ ಊಟಕ್ಕೆ ನನ್ನೂ ಕರೀರಿ."

ಎವೆಲಿಯೊ ಬೀದಿಯ ಮಧ್ಯದಲ್ಲೇ ಕುಣಿದ. ವ್ಯಾನು ತಿರುವಿನಲ್ಲಿ ಮರೆಯಾಯಿತು. ಅವನೂ ಆರಿದ ಕಾಫಿಯನ್ನು ನೆನೆದು ಹೊರಟ.

ಒಳಗೆ ಅಡುಗೆಮನೆ ಕತ್ತಲಾಗಿತ್ತು. ತಗಡಿನ ಅಂಚಿನಿಂದ ಬೆಳಕಿನ ಒಂದು ಗೆರೆ ಒಲೆಯ ಮೇಲೆ ಬಿದ್ದಿತ್ತು. ನೆರೈದಾ ಅದರಲ್ಲೇ ಕಾಫಿಗೆ ನೀರಿಟ್ಟಳು.

ಓಸ್ವಾಲ್ಡೊ ಬಾಗಿಲಲ್ಲಿ ಬಂದು ನಿಂತ. "ನಿಂಗೆ ಹೋಗೋಕೆ ಇಷ್ಟ ಇರ್ಲಿಲ್ಲ ಅಲ್ವಾ, ಮುದುಕಿ?"

"ಇರ್ಲಿಲ್ಲ."

"ಹೇಳ್ಬಾರ್ದಿತ್ತಾ?"

"ನೀನು ಕೇಳ್ಬಾರ್ದಿತ್ತಾ?"

ಅವನು ಕಿಟಕಿಯ ಹತ್ತಿರ ಬಂದ. "ತಗಡು ಬಿಚ್ಲಾ? ಕತ್ತಲು."

"ಇರ್ಲಿ ಬಿಡು," ಎಂದಳು ನೆರೈದಾ, ಎರಡು ಲೋಟ ತೆಗೆಯುತ್ತ. "ಇವತ್ತೊಂದಿನ ಇರ್ಲಿ."